ಸೋಮವಾರದ ಮೀನು

ನವೆಂಬರ್ 3, 2025, ಸೋಮವಾರ

ಮತ್ತೆ ಹಾಗೇ. ಗೆಂಡೆ ಮೀನಿನ ಕರುಳು ಬಿಡಿಸಿ, ಸಲೈನ್ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟೆ. ಏಕಕೋಶಿ ಪರಾವಲಂಬಿಗಳೇನೋ ಇವೆ. ಒಂದೂ ಕದಲುವುದಿಲ್ಲ. ಶನಿವಾರ ಕುಣಿಯುತ್ತಿದ್ದವು! ವಾರದ ಎಲ್ಲ ದಿನದ್ದೂ ಜೀವಂತ ಇರುವಾಗಿನ ವಿಡಿಯೋ ಇಲ್ಲದಿದ್ದರೆ ಪೇಪರ್ ಇಲ್ಲ.

ಕಾರ್ತಿಕ ಸೋಮವಾರ ಬೇರೆ. ಮನೆಯ ಪೂಜೆ ಮುಗಿಸಿ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತುವಷ್ಟರಲ್ಲಿ ತಡ. ಸೋಮವಾರ ಲ್ಯಾಬ್ ತೆರೆದು ಮೀನುಗಾರ ಮೂಗಯ್ಯ ತಂದ ಮೀನು ಇಳಿಸಿಕೊಳ್ಳುವವನು ಸುನೀಲ್ ಕುಮಾರ್. ಅವನದೂ ಇದೇ ವಿಷಯ. ಫೆಲೋಶಿಪ್ ಮುಂದುವರಿಯುವುದು ಇಬ್ಬರಲ್ಲಿ ಒಬ್ಬರಿಗೆ...

"ಸೋಮ್ವಾರ ಮೀನ್ಗೂ ರಜ ಕಣಮ್ಮಿ," ಅಂತ ಸುನೀಲ್ ನಕ್ಕ. ನನ್ನ ವಿಭೂತಿ ನೋಡಿಕೊಂಡೇ. ಕೊಂಕು.

ನವೆಂಬರ್ 6

ನಾನೇ ಬೀಗ ತೆಗೆದೆ. ಎಲ್ಲ ಜೀವಂತ. ಮಂಗಳವಾರ, ಬುಧವಾರವೂ ಹೀಗೇ.

"ಸೋಮವಾರ ಸಲೈನ್ ಬಾಟಲಿ ಯಾರು ಮುಟ್ಟುತ್ತಾರೆ?" ಅಂತ ಸುನೀಲ್‌ನನ್ನು ಕೇಳಿದೆ. ಮುಖದಲ್ಲಿ ಏನೂ ಇಲ್ಲ. ಕುಂಬಳಕಾಯಿ ಕಳ್ಳನಾದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಇವನು ಪಳಗಿದವನು.

ನವೆಂಬರ್ 10, ಸಂಜೆ

ಮತ್ತೆ ಎಲ್ಲ ಸತ್ತಿವೆ. ಸಾಕು. ಗೈಡ್ ಗುರುಪಾದಸ್ವಾಮಿ ಸರ್‌ಗೆ ಹೇಳಿಬಿಟ್ಟೆ — ಸುನೀಲ್ ನನ್ನ ಸ್ಯಾಂಪಲ್ ಕೆಡಿಸುತ್ತಿದ್ದಾನೆ.

ನವೆಂಬರ್ 12

ಸರ್ ಅವನಿಂದ ಕೀ ವಾಪಸ್ ತೆಗೆದುಕೊಂಡರು. ಬ್ಯಾಗ್ ಹಿಡಿದು ತನ್ನೂರು ಪುಣಜನೂರಿಗೆ ಹೊರಟ. ಅಂತೂ ನೆಮ್ಮದಿ.

ನವೆಂಬರ್ 17, ಸೋಮವಾರ

ಪೂಜೆ ಬಿಟ್ಟು ಮೊದಲ ಬಸ್ಸಿಗೇ ಬಂದೆ. ಅಮ್ಮನ ಕೈಲಿ ಬೈಸಿಕೊಂಡದ್ದೂ ಆಯಿತು. ಮೂಗಯ್ಯನಿಂದ ನಾನೇ ಮೀನು ತೆಗೆದುಕೊಂಡೆ. ಕುಯ್ದೆ. ನೋಡಿದೆ.

ಒಂದೂ ಕದಲಲಿಲ್ಲ. ಲ್ಯಾಬಿನಲ್ಲಿ ನಾನೊಬ್ಬಳೇ.

ಓಡಿಹೋಗಿ ಗೇಟಿನ ಹತ್ತಿರ ಮೂಗಯ್ಯನನ್ನು ಹಿಡಿದೆ.

"ಕಾರ್ತೀಕದ್ ಸೋಮ್ವಾರ ಯಾರವ್ವ ಬಲೆ ಬುಟ್ಟಾರು? ಭಾನ್ವಾರ ಮಿಕ್ಕಿದ್ದ ಐಸಲ್ಲಿ ಮಡಗಿದ್ದೆ. ನೀವೇನ್ ತಿಂದೀರಾ, ಕುಯ್ಯಕೆ ತಾನೆ ಅಂದ್ಕಂಡೆ."

ಹಿಂದಿನ ದಿನದ ಮೀನು; ಒಳಗಿನ ಜೀವಿಗಳು ಐಸಿನಲ್ಲೇ ಸತ್ತಿದ್ದವು. ವ್ರತ ಮಾಡುವವಳು ನಾನೇ. ಊರೂ ಮಾಡುತ್ತದೆ ಅಂತ ಹೊಳೆಯಲಿಲ್ಲ. ಮೀನು ತಿನ್ನುವ ಮನೆಯ ಸುನೀಲ್‌ಗೆ ಗೊತ್ತಿತ್ತು. ಮೀನಿಗೂ ರಜ ಅಂತ ಹೇಳಿಯೂ ಇದ್ದ. ನಾಚಿಕೆಯಾಗುತ್ತಿದೆ.

ನವೆಂಬರ್ 18

ಸರ್ ಹತ್ತಿರ ಹೋದೆ. ಎಲ್ಲ ಹೇಳಿದೆ.

"ನಿನ್ ಮಾತು ನಂಬಿ ರಿಪೋರ್ಟ್ ಕಳಿಸಾಯ್ತಲ್ಲ, ನಾಗರತ್ನ."

ಫೆಲೋಶಿಪ್ ನನಗಂತೆ.

ಸುನೀಲ್‌ಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಕೇಳಿದ — "ಇವತ್ತಿಂದು ಹೊಸ ಮೀನಲ್ವಾ? ಓಡಾಡ್ತಾವಾ?"

"ಹೂಂ," ಅಂದೆ.

"ಬೇಗ ವಿಡಿಯೋ ತಗೊಬುಡು ಮತ್ತೆ. ಸತ್ತೋಯ್ತವೆ."

"ಸುನೀಲ್, ಸರ್ ಹತ್ತಿರ ನಾನು..." ಅಂತ ಶುರು ಮಾಡಿದೆ. ಅಷ್ಟರಲ್ಲಿ ಅವನೇ — "ಗೊತ್ತು ಕಣಮ್ಮಿ. ಮೊದ್ಲು ಮೀನ್ ನೋಡೋಗು," ಅಂತ ಫೋನಿಟ್ಟ.