ಬೂದು ಪೈಪಿಗೆ ಬಿಳಿ ಬಣ್ಣ

ವೆಂಡೆಲ್,

ಅಡುಗೆಮನೆಯ ಚಾವಣಿಗೆ ಮತ್ತೆ ಬಿಳಿ ಬಣ್ಣ ಬಳಿದಿದ್ದೀಯಲ್ಲ, ಅದು ಒಣಗುವ ಮೊದಲೇ ಒದ್ದೆ ಕಲೆ ಎದ್ದು ಕೂತಿದೆ. ಬೆಳಿಗ್ಗೆ ನನ್ನ ಕಾಫಿಯೊಳಕ್ಕೇ ತೊಟ್ಟಿಕ್ಕಿತು. ಇನ್ನು ನನ್ನ ಕೈಲಾಗದು.

ಇವತ್ತು ನಾನು ಕೆಲಸಕ್ಕೆ ಹೋದಮೇಲೆ ಷಾರ್ಲಟ್ ಪಟ್ಟಣದಿಂದ ಪ್ಲಂಬರ್ ಬರುತ್ತಾನೆ. ಹೋದ ಸಲದ ಹಾಗೆ ಅವನಿಗೆ ಫೋನ್ ಮಾಡಿ "ನಮ್ಮನೇಲಿ ಏನೂ ಸೋರ್ತಿಲ್ಲಪ್ಪ, ನನ್ನ ಹೆಂಡ್ತಿಗೆ ಭ್ರಮೆ" ಅಂದರೆ ನಿನ್ನ ಗ್ರಹಚಾರ ಬಿಡಿಸುತ್ತೇನೆ. ಬೀದಿಬದಿಯ ನೀರಿನ ಮೀಟರಿನ ಹತ್ತಿರದ ವಾಲ್ವ್ ತಿರುಗಿಸಿ ಮನೆಗೆ ಬರುವ ನೀರು ನಿಲ್ಲಿಸು. ಬಾತ್‌ಟಬ್ ತುಂಬಿಸಿಟ್ಟಿದ್ದೇನೆ, ಟಾಯ್ಲೆಟ್ಟಿಗೆ ಅದನ್ನೇ ಸುರಿ. ನಾಯಿಯನ್ನು ಹಿತ್ತಲಲ್ಲಿ ಕಟ್ಟು. ಅವನು ಗೋಡೆ ಕೊರೆಯುವಾಗ ಬೆನ್ನ ಹಿಂದೆ ನಿಂತು ಪಾಠ ಹೇಳಬೇಡ. ಆ ಬೂದು ಪ್ಲಾಸ್ಟಿಕ್ ಪೈಪಿನ ಒಂದು ತುಂಡೂ ಮನೆಯಲ್ಲಿ ಉಳಿಯಕೂಡದು.

ನಿನ್ನ ಸಂಕಟ ಏನೆಂದು ಗೊತ್ತು. ಈ ಬೀದಿಯ ಮನೆಗಳಿಗೆಲ್ಲ ಆ ಪೈಪು ಹಾಕಿದವನು ನೀನೇ. "ತಾಮ್ರಕ್ಕಿಂತ ಗಟ್ಟಿ, ಮೊಮ್ಮಕ್ಕಳ ಕಾಲಕ್ಕೂ ಇರತ್ತೆ" ಅಂತ ಎಲ್ಲರ ಕೈ ಕುಲುಕಿದ್ದೆ. ಅದು ಕೆಲವೇ ವರ್ಷದಲ್ಲಿ ಒಳಗಿಂದಲೇ ಬಿರುಕು ಬಿಡುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ. ಈಗ ಗೊತ್ತಲ್ಲ! ಪ್ಲಂಬರನ ವ್ಯಾನನ್ನು ಗ್ಯಾರೇಜಿನೊಳಗೆ ಬಚ್ಚಿಡಬೇಡ. ಮನೆಯೆದುರೇ ನಿಲ್ಲಲಿ, ನೋಡುವವರು ನೋಡಲಿ.

ಫ್ರಿಜ್ಜಿನಲ್ಲಿ ನಿನಗಿಷ್ಟದ ಮ್ಯಾಕರೋನಿ ಇದೆ. ದೊಡ್ಡ ಡಬ್ಬಿ ನಿನಗೆ, ಚಿಕ್ಕದು ಎದುರುಮನೆಯ ಓಪಲ್ ಅಜ್ಜಿಗೆ. ನೀನು ಏಣಿ ಹತ್ತಿದ್ದನ್ನು ಅವರು ಕಿಟಕಿಯಿಂದ ನೋಡಿದರಂತೆ. ನಿನ್ನೆ ನನ್ನನ್ನು ತಡೆದು ಕೇಳಿದರು: "ವೆಂಡೆಲ್ ಹತ್ರ ಆ ಬಿಳಿ ಬಣ್ಣ ಸ್ವಲ್ಪ ಉಳಿದಿದ್ಯೇನಮ್ಮ? ನಮ್ಮ ಚಾವಣೀಲೂ ಏನೋ ಕಲೆ ಕಾಣ್ತಿದೆ."

"ಅವನನ್ನೇ ಕಳಿಸ್ತೀನಿ" ಅಂದೆ. ಡಬ್ಬಿ ಕೊಡಲು ಹೋಗುವವನು ನೀನೇ, ಆ ಕಲೆ ಯಾತರದೆಂದು ಹೇಳುವವನೂ ನೀನೇ.

ಲೋರ್ನಾ