ಹೆಣ್ಣುಮಕ್ಕಳ ನಲವತ್ತು ಸೀಟು

ಸುರಪುರ, ಶುಕ್ರವಾರ

ಬಸವಂತ್ರಾಯರಿಗೆ ಗಯಾಸುದ್ದೀನನ ಸಲಾಮ.

ನಮ್ಮ ಉರ್ದು ಕವಿಗೋಷ್ಠಿ, ಮುಶಾಯಿರಾಕ್ಕ ಆನ್‌ಲೈನ್ ಟಿಕೆಟ್ ಕಂಪನಿ ಆರಿಸೋ ಕೆಲಸ ನನಗ ಹಚ್ಚೀರಿ. ಮೂರು ದಿನ ಆತು, ಕುಂತಲ್ಲಿ ಕೂಡಾಕ ಆಗವಲ್ದು, ಚಹಾ ಎರಡು ಸಲ ಉಕ್ಕಿ ಹೋತು. ಹೋದ ವರ್ಷದ ಕಂಪನಿ ಟಿಕೆಟಿಗೆ ಎರಡೇ ರೂಪಾಯಿ ತಗೋತದ, ಆದ್ರ ಸೀಟಿಗೊಂದು ಹೆಸರು, ಫೋನ್ ನಂಬರ್ ಬೇಕಂತದ. ಹೊಸಾದು ಐದು ತಗೋತದ, ಹೆಣ್ಣುಮಕ್ಕಳ ನಲವತ್ತು ಸೀಟೂ ಒಂದೇ ನಂಬರಿಗೆ ಕೊಡತದ. ಇಂಥಾ ತೀರ್ಮಾನ ಬರಿಯೂದಕ್ಕಂತನ ಬಿ.ಎ.ದಾಗ ಒಂದು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿದ್ದೆ. 'ಇನ್ ದಿ ಇಂಟರೆಸ್ಟ್ ಆಫ್' ತನಕ ಬರತದ, ಮುಂದಿಂದು ಮರತು ಹೋಗ್ಯಾದ.

ಹೋದ ವರ್ಷ ನಂಬರ್ ಕೊಟ್ಟ ಹೆಣ್ಣುಮಕ್ಕಳಿಗೆ ಗುರುತಿಲ್ಲದವರು ಫೋನ್ ಹಚ್ಚಿದ್ರು. ಹನ್ನೊಂದು ಮನಿಯವರು ಇನ್ನ ಕಳಸೂದಿಲ್ಲ ಅಂದಾರ. ನನ್ನ ಹೆಂಡತಿ ಸುಗರಾಬಿ ಇದ್ದಾಗ ಮನಿಮನಿಗೆ ತಾನೇ ಟಿಕೆಟ್ ಒಯ್ತಿದ್ಲು. ಹೆಸರು ಬರಕೊ ಅಂದ್ರ, "ಶಾಯಿರಿ ಕೇಳಾಕ ಬರೋರ ಹೆಸರು ನಿಮಗ್ಯಾಕ್ರಿ?" ಅಂತ ನನ್ನನ್ನೇ ಬೈತಿದ್ಲು.

ಅದಕ್ಕ ಐದು ರೂಪಾಯಿದೇ ಇವತ್ತೇ ಪಕ್ಕಾ ಮಾಡ್ರಿ. ನಲವತ್ತಕ್ಕೂ ನನ್ನ ನಂಬರ್ ಹಾಕ್ರಿ. ಟಿಕೆಟ್ ಪ್ರಿಂಟ್ ತೆಗೆಸಿ ನಾನೇ ಹಂಚತೇನಿ. ಅವರ ಮನಿ ಬಾಗಿಲಾಗ ನಿಂತು ಏನಂತ ಕೂಗಬೇಕೋ ತಿಳೀವಲ್ದು, ನಿಮ್ಮ ಮನಿಯವರು ದುರಗಮ್ಮನವರನ್ನ ಜೋಡಿ ಕಳಸ್ರಿ. ಗುರುತಿಲ್ಲದವರ ಫೋನ್ ನನಗ ಬರಲಿ. ಮನ್ಯಾಗ ಒಬ್ಬನೇ ಇರತೇನಿ, ಯಾರೇ ಇರಲಿ, ಮಾತಾಡತೇನಿ.

ಯುವರ್ಸ್ ಒಬೀಡಿಯಂಟ್ಲಿ,
ಗಯಾಸುದ್ದೀನ