ಪಲ್ಲವಿಯಿಲ್ಲದ ಪದ

ಸತ್ಯನಾರಾಯಣಪೇಟೆ, ಬಳ್ಳಾರಿ
೯ ಜನವರಿ ೨೦೨೫

ಅವ್ವಾ,

ನಿನ್ನ ಹಿರಿಮಗಳ ನಮಸ್ಕಾರ. ಇತ್ತ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀ, ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಅದಕ್ಕೇ ಈ ಕಾಗದ.

ನಮ್ಮ ರಾಧಾ ಹೊಳೆಪಾಲಾಗಿ ನಾಲ್ಕು ವರ್ಷವಾಯಿತು. ಅವಳ ಮೇಲೆ ಕಥನಕವನ ಬರೆಯುತ್ತಿದ್ದೇನೆ. ಮೊದಲು ನಿನ್ನ ಧಾಟಿಯಲ್ಲೇ ಬರೆದೆ. ನಮ್ಮೂರು ರಾರಾವಿಯಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಾಡು ಎತ್ತುವವಳು ನೀನು. ತಂಗಿಗೂ ನೀನೇ ಕಟ್ಟಿದೆ: ‘ಅರಿವಿ ಒಗೆಯಾಕ ಹೋದಾಕಿ, ಕಾಲು ಜಾರಿತೇ ನನ ಮಗಳ.’ ಪ್ರತಿ ನುಡಿಯೂ ತಿರುಗಿ ಆ ಪಲ್ಲವಿಗೇ ಬಂದು ಸೇರುತ್ತಿತ್ತು. ಓಣಿಯ ಗಂಗಕ್ಕ, ಗಿಡ್ಡಮ್ಮ ಎಲ್ಲರೂ ದನಿಗೂಡಿಸಿದರು. ಅಂಥ ಶೋಕದ ನಡುವೆ ಯಾರು ಪ್ರಶ್ನೆ ಕೇಳುತ್ತಾರೆ? ಹಾಡು ಮುಗಿಯುವಷ್ಟರಲ್ಲಿ ಊರಿಗೆಲ್ಲ ಕಾಲು ಜಾರಿದ್ದೇ ಖರೆಯಾಗಿತ್ತು. ನನಗೂ ಅದೇ ಬೇಕಿತ್ತು.

ನನ್ನ ಕವನವೂ ಹಾಗೇ ಸಲೀಸಾಗಿ ಸಾಗಿತು. ಪ್ರಾಸ ಸಿಕ್ಕಿತು, ದುಃಖವೂ ಹಿತವಾಯಿತು. ಓದಿಕೊಂಡಾಗ ನನ್ನ ಮೇಲೇ ಹೇಸಿಕೆಯಾಯಿತು. ಹರಿದುಹಾಕಿ, ಪ್ರಾಸ ತಾಳ ಎರಡೂ ಬಿಟ್ಟು, ಮುಕ್ತಛಂದದಲ್ಲಿ ಬರೆಯಲು ಕೂತೆ. ಅಲ್ಲಿ ತಿರುಗಿ ಬರಲು ಪಲ್ಲವಿಯಿಲ್ಲ ಅವ್ವಾ. ಉಸಿರು ನಿಂತಲ್ಲಿ ಸಾಲು ನಿಲ್ಲುತ್ತದೆ, ಮುಂದೇನಾಯಿತು ಹೇಳು ಅನ್ನುತ್ತದೆ. ಹೇಳಬೇಕಾಯಿತು.

ರಾಧಾ ಹೊಳೆಗೆ ಹೋದ ಹಿಂದಿನ ಸಂಜೆ ಅವಳು ಕುರುಗೋಡಿನ ಸಂಬಂಧ ಬೇಡವೆಂದು ನಿನ್ನ ಕಾಲು ಹಿಡಿದಳು. ನೀನು ರೊಟ್ಟಿ ಬಡಿಯುತ್ತಲೇ, ‘ಹೊಳ್ಯಾಗ ಬಿದ್ದು ಸಾಯಿ, ಮದುವಿ ಮಾತ್ರ ನಿಲ್ಲಂಗಿಲ್ಲ’ ಅಂದೆ. ಸಿಟ್ಟಿನಲ್ಲಿ ಎಲ್ಲ ತಾಯಂದಿರೂ ಆಡುವ ಮಾತು. ಅವಳು ಅದನ್ನು ಮನಸ್ಸಿಗೆ ತಗೊಂಡಳು.

ಈಗ ಅದೇ ಮನೆಗೆ, ಅದೇ ಹುಲುಗೇಶನಿಗೆ ಕಿರಿಯವಳು ಪಂಪಾವತಿಯನ್ನು ಕೊಡುತ್ತೀಯಂತೆ. ಅವಳೂ ಒಲ್ಲೆ ಅಂದಳಂತೆ. ಈ ಮದುವೆ ನಿಲ್ಲಿಸು ಅವ್ವಾ. ಇಲ್ಲದಿದ್ದರೆ ಊರ ಕಟ್ಟೆಯ ಮೇಲೆ ನಿಂತು ನನ್ನ ಕವನ ಓದುತ್ತೇನೆ. ನಿನ್ನ ಹಾಡು ಕೇಳಿದವರು ಇದನ್ನೂ ಕೇಳಲಿ.

ನಿನ್ನ ಮಗಳು,
ಸುಮಂಗಲಾ

ತಾ.ಕ.: ಪಂಪಾ, ಅವ್ವನಿಗೆ ಕಾಗದ ಓದಿ ಹೇಳುವವಳು ನೀನೇ. ಇದನ್ನೂ ಬಿಡದೆ ಓದು. ಲಕೋಟೆಯಲ್ಲಿರುವ ಬೆಂಡೋಲೆ ರಾಧಾಳವು. ಹೊಳೆ ಒಯ್ದಿತೆಂದು ನಾನು ಹೇಳಿದ್ದು ಸುಳ್ಳು. ಆ ಬೆಳಿಗ್ಗೆ ಅವಳೇ ಬಿಚ್ಚಿ ನನ್ನ ಕೈಗಿಟ್ಟು, ‘ಅವ್ವಗ ಕೊಡಕ್ಕ’ ಅಂದಳು. ಯಾಕೆಂದು ನಾನು ಕೇಳಲಿಲ್ಲ. ಕವನದಲ್ಲಿ ಈ ಸಾಲು ಇನ್ನೂ ಬರೆದಿಲ್ಲ.